ಅಮೆರಿಕದ ಜ್ಯೂರಿ ಕೆಡುವುದು ಹನ್ನೆರಡು ಜನ ಕೂರುವ ಮೊದಲೇ

ಕಾನೂನು ಓದದ ಹನ್ನೆರಡು ಜನ ಕೊಲೆ ಮೊಕದ್ದಮೆಯನ್ನು ತೀರ್ಮಾನಿಸುವುದು ಅಮೆರಿಕದಲ್ಲಿ ಸರಿಯಾಗಿ ನಡೆಯುತ್ತದೆಯೇ, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ನಮ್ಮಲ್ಲಿ ಆದ ಎಡವಟ್ಟು ಅಲ್ಲಿ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಒಂದು ಸಲ ಕೂತ ಮೇಲೆ ಜ್ಯೂರಿ ತಕ್ಕಮಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೆಡುವುದು ಅದಕ್ಕೂ ಮುಂಚೆ.

ಮೊದಲು ನಾನಾವತಿ. 1959ರಲ್ಲಿ ಬಾಂಬೆ ಸೆಷನ್ಸ್ ಕೋರ್ಟಿನ ಜ್ಯೂರಿ 8-1ರಿಂದ ನಿರ್ದೋಷಿ ಎಂದಿತು. ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಮೆರಿಕದಲ್ಲಿ ಈ ದಾರಿಯೇ ಇಲ್ಲ. ಜ್ಯೂರಿ ನಿರ್ದೋಷಿ ಎಂದರೆ ಮುಗಿಯಿತು; ಸರ್ಕಾರ ಮೇಲ್ಮನವಿ ಹಾಕುವಂತಿಲ್ಲ, ಜಡ್ಜ್ ತಿದ್ದುವಂತಿಲ್ಲ. ದೋಷಿ ಎಂದರೆ ಮಾತ್ರ ಪುರಾವೆ ಸಾಲದೆಂದು ಜಡ್ಜ್ ಅದನ್ನು ತಳ್ಳಿಹಾಕಬಹುದು, ಆರೋಪಿ ಮೇಲಿನ ಕೋರ್ಟಿಗೂ ಹೋಗಬಹುದು. ಅಂದರೆ ಕನಿಕರಕ್ಕೋ ಸಿಟ್ಟಿಗೋ ಕಾನೂನನ್ನು ಬದಿಗಿಟ್ಟು ಬಿಟ್ಟುಬಿಡುವ ಜ್ಯೂರಿಗೆ ಅಲ್ಲಿ ಮದ್ದಿಲ್ಲ. ಇದು ಗೊತ್ತಿದ್ದೇ ಇಟ್ಟುಕೊಂಡ ಏರ್ಪಾಡು.

ಇನ್ನು ಆಯ್ಕೆ. ಮತದಾರರ ಪಟ್ಟಿಯಿಂದ, ಅನೇಕ ಕಡೆ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಎತ್ತುತ್ತಾರೆ. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿಗೆ ಬೇಕಾದ್ದು ಪೌರತ್ವ, 18 ವರ್ಷ, ಆ ಜಿಲ್ಲೆಯಲ್ಲಿ ಒಂದು ವರ್ಷದ ವಾಸ, ಸಾಕಷ್ಟು ಇಂಗ್ಲಿಷ್. ತಲೆಯ ಮೇಲೆ ದೊಡ್ಡ ಅಪರಾಧದ ಆರೋಪ ಇರಬಾರದು. ಲೈಸೆನ್ಸ್ ಪಟ್ಟಿಯ ದೆಸೆಯಿಂದ ಅಲ್ಲಿರುವ ನಮ್ಮ ಎಚ್-1ಬಿ, ಗ್ರೀನ್ ಕಾರ್ಡ್‌ನವರಿಗೂ ಸಮನ್ಸ್ ಬರುವುದುಂಟು. ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ಜೊತೆಗಿರುವ ಪ್ರಶ್ನಾವಳಿಯಲ್ಲಿ ‘ಪೌರನಲ್ಲ’ ಎಂದು ಗುರುತು ಮಾಡಿ ವಾಪಸ್ ಕಳಿಸಿ. ಪೌರನೆಂದು ಸುಳ್ಳು ಬರೆದರೆ ಮುಂದೆ ವೀಸಾಗೇ ಕುತ್ತು.

ಬಂದವರನ್ನು ಕೂರಿಸಿ ಜಡ್ಜ್, ವಕೀಲರು ಪ್ರಶ್ನೆ ಕೇಳುತ್ತಾರೆ: ಪೊಲೀಸರಲ್ಲಿ ನೆಂಟರಿದ್ದಾರಾ, ನಿಮ್ಮ ಮನೆಯಲ್ಲಿ ಕಳ್ಳತನ ಆಗಿತ್ತಾ. ಪಕ್ಷಪಾತ ಕಂಡರೆ ಎಷ್ಟು ಜನರನ್ನಾದರೂ ಕೈಬಿಡಬಹುದು. ಇದಲ್ಲದೆ ಕಾರಣ ಹೇಳದೆಯೇ ಬೇಡವೆನ್ನುವ ಹಕ್ಕೊಂದಿದೆ. ಫೆಡರಲ್ ಕೋರ್ಟಿನ ಗಂಭೀರ ಅಪರಾಧಗಳಲ್ಲಿ ಸರ್ಕಾರಿ ವಕೀಲರಿಗೆ 6, ಆರೋಪಿಗೆ 10. ಮರಣದಂಡನೆಯ ಪ್ರಕರಣವಾದರೆ ಇಬ್ಬರಿಗೂ 20. ರೋಗ ಇರುವುದು ಇಲ್ಲೇ. ಬಣ್ಣ ನೋಡಿ ಕೈಬಿಡಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಎದುರಿನವರು ಆಕ್ಷೇಪಿಸಿದರೆ ಮಾತ್ರ ಬೇರೆ ಕಾರಣ ಕೊಡಬೇಕು. ‘ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ’ ಎಂಬಂಥ ಕಾರಣಕ್ಕೆ ಬರವೇ? ಮಿಸಿಸಿಪ್ಪಿಯಲ್ಲಿ ಒಬ್ಬನೇ ಆರೋಪಿಯನ್ನು ಅದೇ ಕೊಲೆಗಳಿಗಾಗಿ ಆರು ಸಲ ವಿಚಾರಣೆ ಮಾಡಿದರು. ಆರೂ ಸಲ ಸೇರಿ ಸರ್ಕಾರಿ ವಕೀಲರು ತೆಗೆದುಹಾಕಬಹುದಾಗಿದ್ದ 42 ಕಪ್ಪು ಜನರಲ್ಲಿ 41 ಮಂದಿಯನ್ನು ತೆಗೆದಿದ್ದರು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಅರಿಜೋನಾ ರಾಜ್ಯವಂತೂ 2022ರಿಂದ ಈ ಹಕ್ಕನ್ನೇ ಕಿತ್ತುಹಾಕಿದೆ. ಉಳಿದ ರಾಜ್ಯಗಳೂ ಹಾಗೇ ಮಾಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಒಳಕೋಣೆಯಲ್ಲಿ ನಡೆಯುವುದು ಹೀಗೆ. ಜ್ಯೂರಿಗೊಬ್ಬ ಮುಖ್ಯಸ್ಥ, ಬಾಗಿಲ ಹೊರಗೆ ಕಾವಲು. ಸಂಶಯ ಬಂದರೆ ಚೀಟಿ ಬರೆದು ಜಡ್ಜ್‌ಗೆ ಕಳಿಸಬೇಕು; ಅವರು ಎರಡೂ ಕಡೆಯ ವಕೀಲರನ್ನು ಕೇಳಿಯೇ ಉತ್ತರ ಕೊಡುವುದು. ಆ ಉತ್ತರ ಎಷ್ಟೋ ಸಲ ‘ಕೊಟ್ಟಿರುವ ಸೂಚನೆಗಳನ್ನು ಮತ್ತೊಮ್ಮೆ ಓದಿ’ ಎಂದಷ್ಟೇ ಇರುತ್ತದೆ. ಆ ಸೂಚನೆಗಳಾದರೋ ಜ್ಯೂರಿಗೆ ತಿಳಿಯಲೆಂದು ಬರೆದವಲ್ಲ, ಮೇಲ್ಮನವಿಯಲ್ಲಿ ಬಿದ್ದುಹೋಗದಿರಲೆಂದು ಬರೆದವು. ಸಂಶಯಾತೀತ ಎಂದರೆ ಎಷ್ಟು ಎಂದು ಕೇಳಿದರೆ ಅಂಕಿಯಲ್ಲಿ ಯಾರೂ ಹೇಳುವುದಿಲ್ಲ.

ಗಂಭೀರ ಅಪರಾಧಕ್ಕೆ ತೀರ್ಪು ಸರ್ವಾನುಮತದ್ದಾಗಿರಬೇಕು. ಒರೆಗಾನ್‌ನಲ್ಲಿ 10-2ರಲ್ಲೂ ಜೈಲಿಗೆ ಕಳಿಸುವ ಪದ್ಧತಿ 2020ರವರೆಗೆ ಇತ್ತು; ಲೂಸಿಯಾನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತೆರೆ ಎಳೆಯಿತು. ಒಮ್ಮತ ಬಾರದೇ ಹೋದರೆ ಜಡ್ಜ್ ಇನ್ನೊಮ್ಮೆ ಯತ್ನಿಸಲು ಹೇಳುತ್ತಾರೆ, ಆಗಲೂ ಆಗದಿದ್ದರೆ ವಿಚಾರಣೆ ರದ್ದು, ಬೇಕಾದರೆ ಹೊಸದಾಗಿ ಶುರು. ಅಂದಹಾಗೆ ಹನ್ನೆರಡೇ ಇರಬೇಕೆಂದೇನಿಲ್ಲ. ಆರು ಜನ ಸಾಕೆಂದು 1970ರಲ್ಲಿ, ಐದು ಸಾಲದೆಂದು 1978ರಲ್ಲಿ ತೀರ್ಪಾಗಿದೆ.

ಹೀಗೆ ಕೊಟ್ಟ ತೀರ್ಪು ಸರಿಯಿರುತ್ತದೆಯೇ? 1966ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 3,500ಕ್ಕೂ ಹೆಚ್ಚು ಕ್ರಿಮಿನಲ್ ವಿಚಾರಣೆಗಳ ಜಡ್ಜ್‌ಗಳನ್ನು, ನೀವೇ ಆಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿದ್ದರು. ನೂರಕ್ಕೆ ಸುಮಾರು 78ರಲ್ಲಿ ಇಬ್ಬರದೂ ಒಂದೇ ಮಾತು. ಬೇರೆಯಾದಲ್ಲೆಲ್ಲ ಬಹುಪಾಲು ಜ್ಯೂರಿಯೇ ಮೆದು. ಸಿವಿಲ್ ದಾವೆಗಳಲ್ಲಿ ಮಾತ್ರ ಮೊತ್ತ ಹಿಗ್ಗುವುದುಂಟು, ಆದರೆ ಅಲ್ಲಿ ಕತ್ತರಿ ಜಡ್ಜ್ ಕೈಯಲ್ಲಿರುತ್ತದೆ. ಎಲ್ಲರೂ ನಗುವ 1994ರ ಮೆಕ್‌ಡೊನಾಲ್ಡ್ಸ್ ಬಿಸಿ ಕಾಫಿ ಪ್ರಕರಣದಲ್ಲಿ (ಕಾಫಿ ಚೆಲ್ಲಿ ಮೈ ಸುಟ್ಟುಕೊಂಡ ಮಹಿಳೆ ಹಾಕಿದ ದಾವೆ) ಜ್ಯೂರಿ ದಂಡವಾಗಿ ಹಾಕಿದ 27 ಲಕ್ಷ ಡಾಲರನ್ನು ಜಡ್ಜ್ 4.8 ಲಕ್ಷಕ್ಕೆ ಇಳಿಸಿದರು.

ನನ್ನ ದೊಡ್ಡ ತಕರಾರು ಬೇರೆ. ಫೆಡರಲ್ ಕ್ರಿಮಿನಲ್ ಆರೋಪಿಗಳಲ್ಲಿ ವಿಚಾರಣೆಯವರೆಗೆ ಹೋಗುವವರು ನೂರಕ್ಕೆ ಎರಡೋ ಮೂರೋ ಜನ. ಉಳಿದವರಲ್ಲಿ ಹೆಚ್ಚಿನವರು ಸರ್ಕಾರಿ ವಕೀಲರ ಜೊತೆ ಚೌಕಾಸಿ ಮಾಡಿಕೊಂಡು ತಪ್ಪೊಪ್ಪಿಕೊಳ್ಳುತ್ತಾರೆ. ಯಾಕೆಂದು ತಿಳಿಯಲು ಕೆಂಟಕಿಯ ಒಂದು ಪ್ರಕರಣ ಸಾಕು. 88 ಡಾಲರ್ 30 ಸೆಂಟ್‌ನ ನಕಲಿ ಚೆಕ್. ಒಪ್ಪಿಕೊಂಡರೆ ಐದು ವರ್ಷಕ್ಕೆ ಶಿಫಾರಸು ಮಾಡುತ್ತೇನೆ, ಇಲ್ಲವಾದರೆ ರೂಢಿಗತ ಅಪರಾಧಿಯ ಕಾಯ್ದೆ ಹಾಕುತ್ತೇನೆ ಎಂದರು ಸರ್ಕಾರಿ ವಕೀಲರು. ಆರೋಪಿಯ ಮೇಲೆ ಹಳೆಯ ಎರಡು ಶಿಕ್ಷೆಗಳಿದ್ದವು. ಆತ ಜ್ಯೂರಿಯೇ ಬೇಕೆಂದ. ಜ್ಯೂರಿ ದೋಷಿ ಎಂದಿತು, ಹಳೆಯ ಶಿಕ್ಷೆಗಳು ನಿಜವೆಂದೂ ಹೇಳಿತು, ಎರಡೂ ಸರಿಯೇ. ಆ ಕಾಯ್ದೆಯ ಪ್ರಕಾರ ಜೀವಾವಧಿ ಬಿತ್ತು. 1978ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಆ ಬೆದರಿಕೆಯಲ್ಲಿ ತಪ್ಪಿಲ್ಲ ಎಂದಿತು.