ಪಾಪಾಸುಕಳ್ಳಿ ರಸ ದಿನಕ್ಕೆ ಎಷ್ಟು ಎಂ.ಎಲ್. ಕುಡಿದರೆ ಶುಗರ್ ಇಳಿಯುತ್ತೆ?

ಇದೇ ಪ್ರಶ್ನೆ ಹಿಡ್ಕೊಂಡು ಮೂರು ವರ್ಷದ ಹಿಂದೆ ನಾನೂ ಊರೆಲ್ಲ ತಿರುಗಿದೆ. ನಮ್ಮದು ಪಾಂಡವಪುರದ ಕಡೆ, ಕಬ್ಬಿನ ಬೇಸಾಯ. ಶುಗರ್ ಮಾತ್ರೆಗಳಾದ ಗ್ಲಿಮೆಪಿರೈಡ್ ಬೆಳಿಗ್ಗೆ, ಮೆಟ್‌ಫಾರ್ಮಿನ್ ಎರಡು ಹೊತ್ತು ನುಂಗಿದರೂ ಖಾಲಿಹೊಟ್ಟೆ ಶುಗರ್ 170ರ ಕೆಳಗೆ ಬರ್ತಿರಲಿಲ್ಲ. ಸೋದರಮಾವ ಬೇಲಿಯ ಕಳ್ಳಿ ತೋರಿಸಿದರು. ಅದರ ದೊಡ್ಡ ಮುಳ್ಳು ಪರವಾಗಿಲ್ಲ, ಕೂದಲಿನಂಥ ಸಣ್ಣ ಮುಳ್ಳು ಬೆರಳಿಗೆ ಹತ್ತಿದರೆ ಎರಡು ದಿನ ಬಿಡಲ್ಲ. ಉರಿಯಲ್ಲಿ ಸುಟ್ಟು, ಸಿಪ್ಪೆ ಹೆರೆದು, ಮಿಕ್ಸಿಗೆ ಹಾಕಿ, ಬಟ್ಟೇಲಿ ಸೋಸಿ ದಿನಾ ಒಂದು ಲೋಟ ಕುಡಿದೆ.

ನಾನು ಮಾಡಿದ ತಪ್ಪು ರಸ ಕುಡಿದದ್ದಲ್ಲ, ರಸವನ್ನೇ ತಿಂಡಿ ಅಂದ್ಕೊಂಡದ್ದು. ಲೋಳೆ ಲೋಳೆಯಾದ ಆ ರಸ ಕುಡಿದರೆ ಹೊಟ್ಟೆ ತುಂಬಿದ ಹಾಗಿರುತ್ತೆ, ಹಸಿವೇ ಗೊತ್ತಾಗಲ್ಲ. ಕಬ್ಬು ಕಡಿಯೋ ದಿನ ಏಳು ಗಂಟೆಗೆ ರಸದ ಜೊತೆ ಮಾತ್ರೆ ನುಂಗಿ, ಹತ್ತಕ್ಕೆ ಬಂದು ಮುದ್ದೆ ಉಂಡರಾಯ್ತು ಅಂತ ಗದ್ದೆಗೆ ಹೋದೆ. ಗ್ಲಿಮೆಪಿರೈಡ್ ನೀವು ಉಂಡ್ರಾ ಇಲ್ವಾ ಅಂತ ನೋಡಲ್ಲ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸಿಬಿಡುತ್ತೆ. ಅದಕ್ಕೇ ಅದನ್ನು ತಿಂಡಿ ಜೊತೆಗೇ ತಗೋಬೇಕು ಅನ್ನೋದು. ಮೇಲೆ ಬಿಸಿಲು, ಮೈಮುರಿಯೋ ಕೆಲಸ. ಕಳ್ಳಿಗೂ ಶುಗರ್ ಇಳಿಸೋ ಗುಣ ಸ್ವಲ್ಪ ಇರೋದರಿಂದ ಅದೂ ಸೇರ್ಕೊಂಡಿತು. ಹತ್ತೂವರೆಗೆ ಕೈ ನಡುಕ, ಮೈಯೆಲ್ಲ ತಣ್ಣನೆ ಬೆವರು, ಕುಡುಗೋಲು ಹಿಡಿಯೋಕೂ ಆಗಲಿಲ್ಲ. ಪಕ್ಕದ ಆಲೆಮನೆಯವರು ಅರ್ಧ ಲೋಟ ಕಬ್ಬಿನ ಹಾಲು ಕುಡಿಸಿ ಕೂರಿಸಿದರು. ಅರ್ಧ ಗಂಟೆ ಬಿಟ್ಟು ಮನೆಗೆ ಹೋಗಿ ನೋಡಿದಾಗಲೂ ಮೀಟರಿನಲ್ಲಿ 66. ಎಪ್ಪತ್ತಕ್ಕಿಂತ ಕಡಿಮೆ ಅಂದರೆ ಲೋ ಶುಗರ್. ಕಬ್ಬಿನ ಹಾಲಿಗೆ ಮೊದಲು ಎಷ್ಟಿತ್ತೋ, ನೆನೆಸ್ಕೊಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತೆ. ಕಳ್ಳಿ ಕುಡೀತಿರೋದನ್ನ ನಾನು ಡಾಕ್ಟರಿಗೆ ಹೇಳಿರಲೇ ಇಲ್ಲ. ಹೇಳಿದ್ದರೆ ಮಾತ್ರೆ ಕಡಿಮೆ ಮಾಡ್ತಿದ್ದರೋ ಏನೋ.

ಕಳ್ಳಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಮೆಕ್ಸಿಕೋದಲ್ಲಿ ಇದೇ ಜಾತಿಗೆ ನೋಪಾಲ್ ಅಂತಾರೆ, ಅಲ್ಲಿ ಅದು ದಿನಬಳಕೆಯ ತರಕಾರಿ. ಸಕ್ಕರೆ ಕಾಯಿಲೆಯವರಿಗೆ ಸುಮಾರು 300 ಗ್ರಾಂ ಬೇಯಿಸಿದ ನೋಪಾಲನ್ನು ತಿಂಡಿ ಜೊತೆ ಕೊಟ್ಟು ನೋಡಿದಾಗ, ತಿಂದ ಮೇಲೆ ಏರೋ ಶುಗರ್ ಕಡಿಮೆ ಆಗಿದೆ. ಅದರ ಲೋಳೆ, ನಾರು ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ. ಅಂದರೆ ಅದು ಊಟದ ಜೊತೆ ಹೋಗಬೇಕು. ನಾನು ನಾರನ್ನ ಸೋಸಿ ಚೆಲ್ಲಿ, ಊಟವನ್ನೂ ಬಿಟ್ಟೆ. ಆ ಪರೀಕ್ಷೆಗಳೂ ಕೆಲವೇ ಜನರ ಮೇಲೆ ಆದವು, ಅವನ್ನ ನಂಬಿ ಮಾತ್ರೆ ಬಿಡೋ ಹಾಗಿಲ್ಲ.

ಹಾಗಾಗಿ ಎಂ.ಎಲ್. ಲೆಕ್ಕ ನಾನು ಕೊಡಲ್ಲ. ಕೇಳಬೇಕಾದ ಪ್ರಶ್ನೆಯೇ ಅದಲ್ಲ. ತಿನ್ನಲೇಬೇಕು ಅಂತಿದ್ದರೆ ಡಾಕ್ಟರಿಗೆ ಹೇಳಿ, ಪಲ್ಯ ಮಾಡಿ ಊಟದ ಜೊತೆ ತಿನ್ನಿ, ಜೇಬಲ್ಲಿ ಸಕ್ಕರೆ ಪೊಟ್ಟಣ ಇಟ್ಕೊಳ್ಳಿ. ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ತಿಂದು, 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್ ಮಾಡಿ. ಮೊದಲು ನಿಮ್ಮ ಮಾತ್ರೆ ಶೀಟಿನ ಹಿಂದೆ ಓದಿ: ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್, ಗ್ಲಿಕ್ಲಾಜೈಡ್ (ಮೂರೂ ಇನ್ಸುಲಿನ್ ಹೊರಡಿಸೋ ಒಂದೇ ಗುಂಪಿನ ಮಾತ್ರೆ) ಇವುಗಳಲ್ಲಿ ಯಾವುದಾದರೂ ಇದೆಯಾ? ಇದ್ದರೆ ಡಾಕ್ಟರನ್ನ ನೋಡೋವರೆಗೆ ನಾಳೆಯ ರಸ ನಿಲ್ಲಿಸಿ.