ಮರಿ ಆರಾಮಾಗಿ ಕಾಣ್ತಿದೆ ಅಂತ ಕಾಯಬೇಡಿ

ನಾಲ್ಕು ತಿಂಗಳ ನಾಯಿಮರಿ ನಿಮ್ಮ ತಂದೆಯವರ ಮಾತ್ರೆ ಸ್ಟ್ರಿಪ್ ಕಚ್ಚಿ ಹಾಕಿದೆ, ಆದರೂ ಈಗ ಚೆನ್ನಾಗಿ ಆಡ್ತಿದೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಉಪ್ಪುನೀರು ಬೇಡ. ಇದನ್ನು ಪೂರ್ತಿ ಓದುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ತುರ್ತು ಚಿಕಿತ್ಸೆ ಕೊಡುವ ಪ್ರಾಣಿಗಳ ಆಸ್ಪತ್ರೆಗೆ ಮಾಡಿ.

ಡಾಕ್ಟರ್ ನಾಲ್ಕು ವಿಷಯ ಕೇಳುತ್ತಾರೆ: ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ಹೋಗಿದೆ, ಮರಿಯ ತೂಕ ಎಷ್ಟು. ಅದಕ್ಕೇ ಆ ಸ್ಟ್ರಿಪ್ ಎಸೆಯಬೇಡಿ, ಹರಿದ ಚೂರುಗಳನ್ನೂ ಒಟ್ಟು ಮಾಡಿ. ಖಾಲಿ ಗುಳಿಗಳನ್ನು ಎಣಿಸಿ, ಅದರಲ್ಲಿ ತಂದೆಯವರು ಈಗಾಗಲೇ ನುಂಗಿದ್ದು ಎಷ್ಟು ಅಂತ ಅವರನ್ನೇ ಕೇಳಿ ಕಳೆಯಿರಿ. ಸೋಫಾ ಕೆಳಗೆ, ಮರಿಯ ಹಾಸಿಗೆಯಲ್ಲಿ ಬಿದ್ದಿದೆಯಾ ನೋಡಿ. ಬಾಯಿ ತೆರೆದು ಒಸಡು ಮತ್ತು ಕೆನ್ನೆಯ ನಡುವೆಯೂ ನೋಡಿ, ಅರ್ಧ ಕರಗಿದ ಮಾತ್ರೆ ಅಲ್ಲಿ ಅಂಟಿಕೊಂಡಿರಬಹುದು. ಲೆಕ್ಕ ಸಿಗಲಿಲ್ಲ ಅಂದರೆ ಜಾಸ್ತಿಯೇ ತಿಂದಿದೆ ಅಂತ ಹೇಳಿ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದೂ ತಿಂದಿರಬಹುದು ಅನ್ನೋದು ನೆನಪಿರಲಿ.

ವಾಂತಿ ಮಾಡಿಸುವುದನ್ನು ಡಾಕ್ಟರಿಗೇ ಬಿಡಿ. ಸಾಮಾನ್ಯವಾಗಿ ತಿಂದ ಎರಡು ಗಂಟೆಯೊಳಗೆ ಮಾಡಿಸಿದರೆ ಪ್ರಯೋಜನ ಜಾಸ್ತಿ, ಅದಕ್ಕೇ ಇಷ್ಟು ಅವಸರ ಮಾಡುತ್ತಿದ್ದೇನೆ. ಅವರು ಇಂಜೆಕ್ಷನ್ ಕೊಟ್ಟು ಸುರಕ್ಷಿತವಾಗಿ ವಾಂತಿ ಮಾಡಿಸುತ್ತಾರೆ, ಬೇಕಾದರೆ ವಿಷ ಹೀರುವ ಇದ್ದಿಲ ಪುಡಿಯನ್ನೂ ಕೊಡುತ್ತಾರೆ. ಉಪ್ಪು ರಕ್ತದಲ್ಲಿ ಸೋಡಿಯಂ ಏರಿಸಿ ಫಿಟ್ಸ್ ತರಬಹುದು, ಜೀವಕ್ಕೂ ಅಪಾಯ. ಗಂಟಲಿಗೆ ಬೆರಳು ಹಾಕುವುದೂ ಬೇಡ. ಮರಿ ಮಂಪರಿನಲ್ಲಿದ್ದರಂತೂ ವಾಂತಿ ಶ್ವಾಸಕೋಶಕ್ಕೆ ಹೋಗಬಹುದು. ಹಾಲು ಕುಡಿಸಿದರೆ ವಿಷ ಇಳಿಯುತ್ತೆ ಅನ್ನೋದು ನಿಜವಲ್ಲ.

'ಈಗ ಚೆನ್ನಾಗಿದೆಯಲ್ವಾ' ಅನ್ನೋ ಮಾತೇ ನನಗೆ ಜಾಸ್ತಿ ಭಯ ಹುಟ್ಟಿಸೋದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಕಿಡ್ನಿ ಕೆಟ್ಟಿದ್ದು ಹೊರಗೆ ಕಾಣುವಷ್ಟರಲ್ಲಿ ಒಂದೆರಡು ದಿನ ಆಗಿರಬಹುದು. ಪ್ಯಾರಾಸಿಟಮಾಲ್ ಲಿವರ್‌ಗೆ ಪೆಟ್ಟು ಕೊಡುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗಿದರೆ ರಕ್ತಕ್ಕೆ ಆಮ್ಲಜನಕ ಸಾಗಿಸಲು ಆಗುತ್ತಿಲ್ಲ ಅಂತ ಅರ್ಥ. ಅದಕ್ಕೆ ಪ್ರತಿಮದ್ದು ಇದೆ, ಆದರೆ ಬೇಗ ಸಿಗಬೇಕು. ವಿಟಮಿನ್ ಡಿಯನ್ನು ಬರೀ ವಿಟಮಿನ್ ಅಂತ ಬಿಡಬೇಡಿ. ಜಾಸ್ತಿ ಹೋದರೆ ಕ್ಯಾಲ್ಸಿಯಂ ಏರಿ ಕಿಡ್ನಿ ಹಾಳಾಗುತ್ತದೆ. ಬಿಪಿ ಮಾತ್ರೆ, ಅದರಲ್ಲೂ ಆಮ್ಲೋಡಿಪಿನ್, ಪುಟ್ಟ ಮರಿಗೆ ಒಂದೇ ಆದರೂ ಫೋನ್ ಮಾಡಲೇಬೇಕಾದ ವಿಷಯ. ಕ್ಷಯದ ಐಸೋನಿಯಾಜಿಡ್ ಬೇಗನೆ ಫಿಟ್ಸ್ ತರುತ್ತದೆ. ಥೈರಾಯ್ಡ್ ಮಾತ್ರೆಯನ್ನು ನಾಯಿಗಳು ಸುಮಾರು ತಡೆದುಕೊಳ್ಳುತ್ತವೆ, ಆದರೂ ಕೇಳಿಯೇ ನಿರ್ಧರಿಸಿ.

ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಆಗಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ನಡೆಯುವಾಗ ತೂರಾಡುವುದು, ನಡುಕ, ಸುಸ್ತು ಕಂಡರೆ, ಎಚ್ಚರ ಇದ್ದರೆ ಮಾತ್ರ, ಒಸಡಿಗೆ ಸ್ವಲ್ಪ ಜೇನು ಅಥವಾ ಸಕ್ಕರೆ ನೀರು ಸವರುತ್ತಾ ಆಸ್ಪತ್ರೆಗೆ ಹೊರಡಿ. ಅಗಿಯುವ ಮಾತ್ರೆ, ಸಕ್ಕರೆ ಇಲ್ಲದ ಸಿರಪ್ ಆದರೆ ಲೇಬಲ್‌ನಲ್ಲಿ ಜೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಇದೆಯಾ ನೋಡಿ. ಅದೂ ಅರ್ಧ ಗಂಟೆಯಲ್ಲೇ ಸಕ್ಕರೆ ಇಳಿಸಬಲ್ಲದು. ನಿಧಾನವಾಗಿ ಕರಗುವ ಮಾತ್ರೆ ಆಗಿದ್ದರೆ ಅದನ್ನೂ ಹೇಳಿ, ತೊಂದರೆ ತಡವಾಗಿ ಶುರುವಾಗುತ್ತದೆ.

ಮಾತ್ರೆ ಜೊತೆ ಸ್ಟ್ರಿಪ್ಪಿನ ಚೂರೂ ಹೋಗಿದ್ದರೆ ಮರೆಯದೆ ತಿಳಿಸಿ. ಅದರ ಅಂಚು ಚೂಪು, ಕರುಳಲ್ಲಿ ಸಿಕ್ಕಿಕೊಳ್ಳಲೂಬಹುದು.

ಮನೆಗೆ ಕಳಿಸಿದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಗಮನ ಇಡಿ. ವಾಂತಿಯಲ್ಲಿ ರಕ್ತ, ಡಾಂಬರಿನಂತೆ ಕಪ್ಪು ಮಲ, ಊಟ ಬಿಡುವುದು, ಮೂತ್ರ ತೀರಾ ಜಾಸ್ತಿ ಅಥವಾ ಕಡಿಮೆ ಆಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಮತ್ತೆ ಹೋಗಿ. ಮಾತ್ರೆಯ ಹೆಸರು, ಮರಿಯ ತೂಕ ಇಲ್ಲಿ ಆಮೇಲೆ ಬರೆದರೆ ಸಾಕು. ಮೊದಲು ಫೋನ್ ಮಾಡಿ.