ಕಾಲು ಕತ್ತರಿಸುವ ಡಾಕ್ಟರ್ ಆಗಬೇಕಾ? – ಸಂಪಾದಕರ ಉತ್ತರ

ನಮಸ್ಕಾರ ಮೇಡಂ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ವಿಷಯವನ್ನಷ್ಟೇ ಹೇಳಿಬಿಡುತ್ತೇನೆ. ನಿಮ್ಮ ಮಗಳು ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿ ಮುಗಿಸುತ್ತಿದ್ದಾಳೆ. ಇನ್ನೂ ಒಂದೆರಡು ವರ್ಷ ಫೆಲೋಶಿಪ್ ಮಾಡಿ ಮೂಳೆ ಕ್ಯಾನ್ಸರ್ ಸರ್ಜನ್ ಆಗ್ತೀನಿ ಎಂದು ಹಟ ಹಿಡಿದಿದ್ದಾಳೆ. ನಿಮಗೆ ಸುತರಾಂ ಇಷ್ಟವಿಲ್ಲ. "ಮಂಡಿ ಆಪರೇಷನ್ ಮಾಡುವವರ ಹತ್ತಿರ ಕುಂಟುತ್ತಾ ಬಂದವರು ನಡೆದು ಹೋಗ್ತಾರೆ. ಮುಂದೆ ಸ್ವಂತ ಕ್ಲಿನಿಕ್ ಹಾಕಬಹುದು. ಇದರಲ್ಲಿ ಮಕ್ಕಳ ಕಾಲು ಕತ್ತರಿಸೋದು, ಸಾವು ನೋಡೋದು ಬಿಟ್ಟರೆ ಏನಿದೆ?" ಅಂತ ಕೇಳಿದ್ದೀರಿ.

ಕಾಲಿನ ಮಾತು ಮೊದಲು. ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಒಂದು ಕಾಲಕ್ಕೆ ನಿಜವೇ ಆಗಿತ್ತು. ಕೆನಡಾದ ಟೆರ್ರಿ ಫಾಕ್ಸ್ ಎಂಬ ಹುಡುಗನಿಗೆ ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯಲ್ಲೇ ಹುಟ್ಟುವ ಒಂದು ಕ್ಯಾನ್ಸರ್, ಇದೆ ಅಂತ ಗೊತ್ತಾದಾಗ, 1977ರಲ್ಲಿ, ಬಲಗಾಲನ್ನು ಮಂಡಿಯ ಮೇಲಿನಿಂದ ತೆಗೆದರು. ಕೃತಕ ಕಾಲಿನಲ್ಲೇ 1980ರಲ್ಲಿ ಇಡೀ ದೇಶ ಓಡಿ ದಾಟಲು ಹೊರಟ ಹುಡುಗ, ಮರುವರ್ಷ ತೀರಿಕೊಂಡ. ಕೀಮೋಥೆರಪಿ ಇಲ್ಲದ ದಿನಗಳಲ್ಲಂತೂ ಕಾಲು ತೆಗೆದರೂ ಹೆಚ್ಚಿನವರು ಉಳಿಯುತ್ತಿರಲಿಲ್ಲ. ರೋಗ ಅಷ್ಟರಲ್ಲಾಗಲೇ ಶ್ವಾಸಕೋಶ ಸೇರಿರುತ್ತಿತ್ತು. ಈಗ, ರೋಗ ಬೇರೆ ಕಡೆ ಹರಡುವ ಮೊದಲೇ ಸಿಕ್ಕಿದರೆ, 100ರಲ್ಲಿ 60–70 ಮಂದಿ ಐದು ವರ್ಷ ದಾಟುತ್ತಾರೆ. ಹೆಚ್ಚಿನವರ ಕಾಲೂ ಉಳಿಯುತ್ತದೆ. ಎರಡು–ಮೂರು ತಿಂಗಳು ಕೀಮೋ ಕೊಟ್ಟು, ಆಮೇಲೆ ಗಡ್ಡೆ ಇರುವ ಮೂಳೆಯನ್ನು ಸುತ್ತಲಿನ ಆರೋಗ್ಯವಂತ ಪದರದ ಸಮೇತ ತೆಗೆದು ಲೋಹದ ಕೀಲು ಕೂರಿಸುತ್ತಾರೆ. ಕೆಲವು ಸಲ ಅದೇ ಮೂಳೆಗೆ ಹೊರಗೆ ಭಾರಿ ವಿಕಿರಣ ಕೊಟ್ಟು, ಗಡ್ಡೆಯನ್ನು ಸಾಯಿಸಿ, ವಾಪಸ್ ಅಲ್ಲೇ ಜೋಡಿಸುವುದೂ ಇದೆ. ಬೆಳೆಯುವ ಮಕ್ಕಳಿಗೆ ಉದ್ದವಾಗುವ ಕೀಲು ಇದೆ. ಕಾಲನ್ನು ಆಯಸ್ಕಾಂತ ಕ್ಷೇತ್ರದ ಸುರುಳಿಯೊಳಗೆ ಇಟ್ಟರೆ ಒಳಗಿನ ಕೀಲು ಒಂದಿಷ್ಟು ಮಿಲಿಮೀಟರ್ ಬೆಳೆಯುತ್ತದೆ, ಅದಕ್ಕಾಗಿ ಮತ್ತೆ ಕೊಯ್ಯುವುದೇ ಬೇಡ!

ಹಾಗಂತ ಕಾಲು ತೆಗೆಯುವುದು ನಿಂತಿಲ್ಲ. ಮುಖ್ಯ ನರ, ರಕ್ತನಾಳಗಳೆಲ್ಲ ಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಅದೇ ಸರಿಯಾದ ಆಪರೇಷನ್. ಅದನ್ನು ನೇರವಾಗಿ ಹೇಳುವ ಸರ್ಜನ್ನೇ ಒಳ್ಳೆಯ ಸರ್ಜನ್.

ನನ್ನ ಪ್ರಕಾರ ಈ ವೃತ್ತಿಯ ಅಸಲಿ ಕಸುಬು ಇರೋದು ಚಾಕು ಹಿಡಿಯುವ ಮುಂಚಿನ ನಿರ್ಧಾರಗಳಲ್ಲಿ. ಬಯಾಪ್ಸಿಯನ್ನೇ ನೋಡಿ. ಗಡ್ಡೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುವುದು, ಅಷ್ಟೇ ತಾನೇ? ಆದರೆ ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಣಗಳು ಉಳಿದಿರಬಹುದು. ಹಾಗಾಗಿ ಮುಂದೆ ಆ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯಬೇಕು. ಅಂದರೆ, ಸೂಜಿ ಚುಚ್ಚುವ ದಿನವೇ ದೊಡ್ಡ ಆಪರೇಷನ್ನಿನ ಗೆರೆ ಎಲ್ಲಿ ಬರುತ್ತದೆ ಅಂತ ಗೊತ್ತಿರಬೇಕು. ಸೂಜಿಯ ಬದಲು ಕೊಯ್ದು ಚೂರು ತೆಗೆಯುವುದಾದರೆ ಗಾಯ ಕಾಲಿನ ಉದ್ದಕ್ಕಿರಬೇಕು, ಅಡ್ಡಕ್ಕೆ ಕೂಡದು. ದಾರಿ ಆದಷ್ಟೂ ಒಂದೇ ಸ್ನಾಯುವಿನೊಳಗೆ ಹೋಗಬೇಕು. ದೊಡ್ಡ ನರಗಳ ಹತ್ತಿರ ಸುಳಿಯಬಾರದು, ಕೀಲಿನೊಳಗೆ ಇಳಿಯಬಾರದು. ರಕ್ತ ಒಳಗೇ ಹರಡಿದರೆ ಅದರ ಜೊತೆ ಕಣಗಳೂ ಹರಡುತ್ತವೆ.

ಇದು ಸುಮ್ನೆ ಹೇಳುವ ಭಯವಲ್ಲ. ಅಮೆರಿಕದ ಸರ್ಜನ್ ಹೆನ್ರಿ ಮ್ಯಾನ್ಕಿನ್ ಮತ್ತು ಸಂಗಡಿಗರು 1982ರಲ್ಲಿ 329 ರೋಗಿಗಳ ಬಯಾಪ್ಸಿ ಪರಿಶೀಲಿಸಿದರು. 1996ರಲ್ಲಿ ಮತ್ತೆ 597 ಮಂದಿಯದನ್ನು ನೋಡಿದರು. ಎರಡನೇ ಸಲ 18 ಮಂದಿ ಬಯಾಪ್ಸಿಯ ಎಡವಟ್ಟಿನಿಂದಲೇ ಕೈಯನ್ನೋ ಕಾಲನ್ನೋ ಸುಮ್ಮಸುಮ್ಮನೆ ಕಳೆದುಕೊಂಡಿದ್ದರು. ಎರಡೂ ಸಲ ಕಂಡದ್ದು ಒಂದೇ: ರೋಗಿ ಪರಿಣತ ಕೇಂದ್ರಕ್ಕೆ ಬರುವ ಮುಂಚೆ ಬೇರೆ ಕಡೆ ಮಾಡಿದ ಬಯಾಪ್ಸಿಗಳಲ್ಲೇ ತೊಂದರೆ ಜಾಸ್ತಿ. ನಿಮ್ಮ ಮಗಳು ಕಲಿಯಲು ಹೊರಟಿರುವುದು ಇದನ್ನೇ.

ಇನ್ನು ದಿನವೂ ಮಕ್ಕಳ ಸಾವನ್ನೇ ನೋಡಬೇಕು ಅಂದುಕೊಳ್ಳಬೇಡಿ. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಬಲು ಅಪರೂಪ, ಎಲ್ಲ ಕ್ಯಾನ್ಸರ್‌ಗಳಲ್ಲಿ ಶೇ. 1ಕ್ಕಿಂತ ಕಡಿಮೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡಗಳಿಂದ ಮೂಳೆಗೆ ಹರಡಿದ ಕ್ಯಾನ್ಸರ್ ಅದಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿ ಕೇಳುವ ಪ್ರಶ್ನೆ, ಈ ಮೂಳೆ ಮುರಿಯುತ್ತದಾ, ಮುರಿಯುವ ಮೊದಲೇ ರಾಡ್ ಹಾಕಬೇಕಾ ಅನ್ನೋದು. 1989ರಲ್ಲಿ ಮೈರೆಲ್ಸ್ ಅನ್ನುವವರು ಇದಕ್ಕೊಂದು ಲೆಕ್ಕ ಕೊಟ್ಟರು. ಜಾಗ, ನೋವು, ಎಕ್ಸ್‌ರೇಯಲ್ಲಿ ಕಾಣುವ ಬಗೆ, ಗಾತ್ರ, ಈ ನಾಲ್ಕಕ್ಕೂ ಒಂದರಿಂದ ಮೂರು ಅಂಕ. ಒಟ್ಟು 9 ಅಥವಾ ಹೆಚ್ಚು ಬಂದರೆ ಮುಂಚೆಯೇ ಭದ್ರ ಮಾಡುವುದು ಒಳ್ಳೆಯದು. ಕೊನೆಯ ವರ್ಷವನ್ನು ಹಾಸಿಗೆ ಹಿಡಿಯದೆ ಕಳೆಯುವುದೂ ರೋಗಿಗೆ ಸಣ್ಣ ವಿಷಯವಲ್ಲ. ಇದರ ಜೊತೆಗೆ ಎಕ್ಸ್‌ರೇ ಹಿಡಿದು ನಡುಗುತ್ತಾ ಬಂದವರಿಗೆ "ಇದು ಕ್ಯಾನ್ಸರ್ ಅಲ್ಲ, ಮುಟ್ಟೋದೇ ಬೇಡ" ಅಂತ ಹೇಳಿ ಕಳಿಸುವ ದಿನಗಳೂ ಬೇಕಾದಷ್ಟಿವೆ.

ಸಾವಿನ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. 100ರಲ್ಲಿ 60–70 ಮಂದಿ ಐದು ವರ್ಷ ದಾಟುತ್ತಾರೆ ಅಂದೆನಲ್ಲ, ಉಳಿದ 30–40 ಮಂದಿಯೂ ಯಾರದೋ ಮಕ್ಕಳೇ. ಗಡ್ಡೆ ಇರುವ ಮಂಡಿಯ ಭಾಗವನ್ನು ತೆಗೆದು, ಹತ್ತು ವರ್ಷದ ಮಗುವಿನ ಪಾದವನ್ನು ಹಿಂದುಮುಂದು ತಿರುಗಿಸಿ ಜೋಡಿಸಿ, ಕಣಕಾಲಿನ ಕೀಲನ್ನೇ ಮಂಡಿಯಾಗಿ ಬಳಸುವ ಆಪರೇಷನ್ ಒಂದಿದೆ. ಕೃತಕ ಕಾಲು ಹಾಕಿಕೊಂಡು ಚೆನ್ನಾಗಿ ಓಡಬಹುದು. ಆದರೆ ಅಪ್ಪ ಅಮ್ಮನ ಎದುರು ಕೂತು, ಫೋಟೋ ತೋರಿಸಿ, ಅದನ್ನು ವಿವರಿಸಬೇಕಾದವರು ಸರ್ಜನ್ನೇ. ಅದು ಎಲ್ಲರ ಕೈಲಾಗುವ ಕೆಲಸವಲ್ಲ.

ಸ್ವಂತ ಕ್ಲಿನಿಕ್ಕಿನ ಆಸೆಯನ್ನು ಬಿಟ್ಟುಬಿಡಿ. ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್, ಗಡ್ಡೆಯ ಚೂರು ಪರೀಕ್ಷಿಸುವ ಪ್ಯಾಥಾಲಜಿಸ್ಟ್, ಕೀಮೋ ಕೊಡುವವರು, ವಿಕಿರಣ ಕೊಡುವವರು ಎಲ್ಲರೂ ಒಂದೇ ಮೇಜಿಗೆ ಕೂರದೆ ಇಲ್ಲಿ ಏನೂ ನಡೆಯುವುದಿಲ್ಲ. ದೊಡ್ಡ ಆಸ್ಪತ್ರೆಯೇ ಬೇಕು, ಅಂಥ ಕೆಲಸಗಳೂ ಕಡಿಮೆ.

ನಾನಾದರೆ ಮಗಳನ್ನು ತಡೆಯುತ್ತಿರಲಿಲ್ಲ, ಒಂದು ಷರತ್ತು ಹಾಕುತ್ತಿದ್ದೆ. ಅರ್ಜಿ ಹಾಕುವ ಮುಂಚೆ ಇಂಥ ವಿಭಾಗವೊಂದರಲ್ಲಿ ಕೆಲವು ವಾರ ಇದ್ದು ಬರಲಿ. ಆಪರೇಷನ್ನನ್ನಷ್ಟೇ ನೋಡಿದರೆ ಸಾಲದು. ಡಾಕ್ಟರುಗಳೆಲ್ಲ ಸೇರುವ ಸಭೆ, ವರ್ಷಗಟ್ಟಲೆ ತಪಾಸಣೆಗೆ ಬರುವವರ ಹೊರರೋಗಿ ವಿಭಾಗ, ಕೆಟ್ಟ ಸುದ್ದಿ ಹೇಳುವ ಕೋಣೆ, ಮೂರೂ ಕಡೆ ಕೂರಲಿ. ಆಮೇಲೂ ಬೇಕು ಅಂದರೆ ಅರ್ಜಿ ಹಾಕಲಿ ಬಿಡಿ.

– ಸಂಪಾದಕ